ಹಸಿರು ಟವೆಲ್ಲು

ರಾಣೇಬೆನ್ನೂರಿನ ದನದ ದವಾಖಾನಿಯೊಳಗ
ಇಪ್ಪತ್ತಾರು ವರ್ಷದಿಂದ ಗೇಟಿನ ಕೀಲಿ ನನ್ನ ಕಡೇನ ಐತಿ.
ಮೋರಿ ಕೆಳಗಿನ ಮುಂಗಲಿಗೆ ಮಾತ್ರ
ಯಾವತ್ತೂ ಕೀಲಿ ಬೇಕಾಗಿಲ್ಲ.

ಮುಂಜಾನೆ ಬಾಗಿಲಾ ತೆಗೆದರ ಎರಡು ಕಾಲ ಮ್ಯಾಲೆ ನಿಂತು
ಹಾಜರಿ ತಗೊಳ್ಳೋ ಹೆಡ್‌ಮಾಸ್ತರನ ಹಂಗ ನೋಡತೈತಿ.
ಬುತ್ತಿಯೊಳಗ ತತ್ತಿ ಇದ್ದ ದಿನ
ಡಬ್ಬಿ ತೆಗೆಯೂಕಿಂತ ಮೊದಲ ಅದಕ್ಕ ಗೊತ್ತು.
ಕಾಗಿ ಜೋಡಿ ಜಗಳ, ಬೆಕ್ಕಿನ ಜೋಡಿ ಕರಾರು:
ಔಷಧದ ಕಪಾಟಿನ ಮ್ಯಾಲಿನ ಜಾಗ ಬೆಕ್ಕಿಂದು, ಕೆಳಗಿಂದು ಇದರದು.
ಜಡ್ಡಿನ ಎಮ್ಮಿ ಹೊಡಕೊಂಡು ಬಂದವರು ಇದನ್ನ ಕಂಡರ
"ಶಕುನ ಚಲೋ ಆತು, ಉಳಿತೈತಿ ಬಿಡ್ರಿ" ಅಂತಾರ.
ಉಳದದ್ದೂ ಐತಿ.
ಉಳಿಯದ ದಿನ ಯಾರೂ ಮುಂಗಲಿ ಹೆಸರು ತಗಿಯಂಗಿಲ್ಲ.

ಚಿಗರಿ ಬಂದದ್ದು ಮಾಲತೇಶನ ಟ್ರಾಲಿಯೊಳಗ,
ಗೋವಿನಜೋಳದ ದಂಟಿನ ಮ್ಯಾಲೆ ಮಲಗಿ.
ಮೂರು ನಾಯಿ ಬೆನ್ನ ಹತ್ತಿ ತಂತಿ ಬೇಲಿಗೆ ಕೆಡವಿದ್ದುವಂತ,
ಹಿಂಗಾಲ ತೊಡಿ ಸೀಳಿತ್ತು.
"ನನ್ನ ಎರಡೆಕರೆ ಮೇದದ್ದು ಇದ, ಕಳ್ಳ ಮಗಾ"
ಅಂತ ಮಾಲತೇಶ ಬೈಯಾಕತ್ತಿದ್ದ,
ಬೈಕೋತನ ಅದರ ಕುತ್ತಿಗಿ ತನ್ನ ತೊಡಿಮ್ಯಾಲೆ ಇಟಗೊಂಡಿದ್ದ.
ತಿರುವಿದ ಕೋಡು ಎರಡೂ ಕೈಯಾಗ ಹಿಡಿದಿದ್ದ,
ಕೆಟ್ಟ ದಾರ್ಯಾಗ ಎಲ್ಲಿ ತಲಿ ಬಡಿತೈತೋ ಅಂತ.

ಡಾಕ್ಟರ್ ಮಂಟಗಣಿ ಎದಿಗೆ ನಳಿಗಿ ಹಚ್ಚಿ ಹೇಳಿದ್ರು:
"ಗುಡ್ಡಪ್ಪಾ, ಇದು ಗಾಯಕ್ಕ ಸಾಯೂದಿಲ್ಲ,
ನಮಗ ಅಂಜಿ ಸಾಯತೈತಿ.
ಕಣ್ಣು ಮುಚ್ಚು. ಮಾತು ಬ್ಯಾಡ."

ಹೆಗಲ ಮ್ಯಾಲಿನ ಹಸಿರು ಟವೆಲ್ಲು ತೆಗೆದು ಕಟ್ಟಿದೆ.
ಆಕಳ ಮೈ ತಿಕ್ಕಿದ ಕೈ ನನ್ನದು, ಸುಮ್ಮನಿರಾಕ ಬರೂದಿಲ್ಲ;
ರೂಢಿಯಿಂದ ಗಂಗೆದೊಗಲು ಇರೋ ಜಾಗ ಹುಡುಕಿತು.
ಚರ್ಮದ ಕೆಳಗ ರಾಶಿ ಮಿಷನ್ನು ಸುರು ಆದಂಗ ಆತು.
ಕೈ ತೆಗೆದೆ.
ಹದಿನಾಲ್ಕು ಹೊಲಿಗಿ. ಗಡಿಯಾರದ್ದು, ದಾರದ್ದು,
ಎರಡ ಸಪ್ಪಳ.

ಸಂಜಿಮುಂದ ಎಲ್ಲಾರೂ ಹೋದ ಮ್ಯಾಲೆ
ಕಿಟಕಿ ಸಂದಿಯಿಂದ ನೋಡಿದೆ.
ಮುಂಗಲಿ ಬಂತು. ರಕ್ತದ ಹತ್ತಿ ಮೂಸಿತು,
ಚಿಗರಿಯ ಹೊಟ್ಟಿ ಸನೇಕನ ಹಾದು
ಅದರ ಮೂಗಿನ ಮುಂದ ನಿಂತು ಸೀನಿತು.
ಒಂದು ಕಿವಿ ತಿರುಗಿತು, ಅಷ್ಟ.
ಎದಿ ಏಳೂದು ಇಳಿಯೂದು ಇದ್ದಂಗ ಇತ್ತು, ನಿಧಾನ.
ಹೊರಗ ನಾನು ಕಾಲು ಬದಲಿಸಿದೆ,
ಚಪ್ಪಲಿ ಕಿರ್ರ್ ಅಂತು.
ನಾಲ್ಕೂ ಗೊರಸು ನೆಲ ಕೆರೆದುವು.

ಆಮ್ಯಾಲೆ ಬರಿಗಾಲಲೆ ಅಡ್ಡಾಡಿದೆ,
ನೀರಿಡೂಮುಂದ ಉಸಿರು ಹಿಡಿದೆ.
"ಯಾಕ ಮನ್ಯಾಗೂ ಕಳ್ಳನಂಗ ನಡೀತಿ?" ಅಂದಳು ಹೊನ್ನವ್ವ.

ಐದನೇ ದಿನ ಅರಣ್ಯ ಇಲಾಖೆಯ ಜೀಪು ಬಂತು.
ಹುಲ್ಲತ್ತಿ ಕಡೆ ಕುರುಚಲೊಳಗ ಇಳಿಸಿ
ಟವೆಲ್ಲಿನ ಗಂಟು ನಾನ ಬಿಚ್ಚಿದೆ.
ತಿರುಗಿ ನೋಡತೈತಿ ಅಂತ ಯಾರೋ ಫೋನು ಹಿಡಕೊಂಡು ನಿಂತಿದ್ರು.
ನೋಡಲಿಲ್ಲ.
ಮೂರು ಜಿಗಿತ, ಒಂದು ಕುಂಟು, ಮತ್ತ ಜಿಗಿತ.
ಹೋದ ದಿಕ್ಕು ಮಾಲತೇಶನ ಹೊಲದ ಕಡೇದಂತ;
ಅವನ ಹೇಳಿದ, ನಕ್ಕೋತ,
ಅರ್ಧ ನಕ್ಕೋತ.

ಕೂದಲಾ, ವಾಸನಿ, ಇದನ್ನ ನಾ ಒಗಿಯೂದಿಲ್ಲ ಅಂದಳು ಹೊನ್ನವ್ವ.
ದವಾಖಾನಿ ಕಟ್ಟಿಮ್ಯಾಲೆ ಬಿಸಿಲಿಗೆ ಹಾಕಿದ್ದೆ.
ಮರುದಿನ ನೋಡಿದರ ಮೋರಿ ಬಾಯಾಗ
ಹಸಿರು ಅಂಚು ಒಂದು ಗೇಣು ಹೊರಗ,
ಉಳಿದದ್ದು ಒಳಗ.
ಹಿಡಿದು ಜಗ್ಗಿದೆ.
ಒಳಗಿಂದ ತಿರುಗಿ ಜಗ್ಗಿದರು,
ಮತ್ತ ಸಣ್ಣ ಸಣ್ಣ ದನಿ, ಎರಡೋ ಮೂರೋ.

ಬಿಟ್ಟೆ.