ಎಂಬತ್ತು ಡಿಗ್ರಿ, ಬೆಂಜೀನಿನಲ್ಲಿ

ಉದ್ಯಮಬಾಗಿನ ಹಿಂದಿನ ಗಲ್ಲಿ.
ಎರಕದ ಶೆಡ್ಡಿನ ಬೆನ್ನಿಗೆ ಆತುಕೊಂಡ ನಮ್ಮ ಲ್ಯಾಬು;
ಆಚೆ ಸುತ್ತಿಗೆ ಬಿದ್ದಾಗೆಲ್ಲ
ಈಚೆ ಬ್ಯೂರೆಟ್ಟಿನ ತುದಿಯಲ್ಲೊಂದು ಹನಿ ನಡುಗುತ್ತದೆ.

ವಾಟರ್ ಬಾತಿನಲ್ಲಿ ಬಾಯಿ ಬೆಸೆದ ಗಾಜಿನ ನಳಿಗೆಗಳು.
ಒಂದೇ ಡಬ್ಬಿಯ ಪೆರಾಕ್ಸೈಡು, ತೂಗಿದವಳು ನಾನೇ.
"ಕಬ್ಬಿಣದ ಚಮಚ ಮುಟ್ಟಸಬ್ಯಾಡ," ಸಾವಂತ್ ಸರ್ ದಿನಾ ಹೇಳುತ್ತಾರೆ,
ದಿನಾ ನಾನು ಹೂಂ ಅನ್ನುತ್ತೇನೆ.
ಕಲ್ಲುಸಕ್ಕರೆಯ ಪುಡಿಯಂಥ ಬಿಳಿ ಹರಳು.
ಒಳಗೆ ಎರಡು ಆಕ್ಸಿಜನ್ನು ಕೈ ಹಿಡಿದು ನಿಂತಿವೆ,
ಯಾಕೆ ಹಿಡಿದೆವೆಂದು ಮರೆತವರ ಹಾಗೆ.

ಬೆಂಜೀನಿನಲ್ಲಿ ಅರ್ಧ ಮುರಿಯಲು ಇಡೀ ಮಧ್ಯಾಹ್ನ ಬೇಕು.
ಕಾರ್ಬನ್ ಟೆಟ್ರಾಕ್ಲೋರೈಡಿನಲ್ಲಿ ಇನ್ನೂ ನಿಧಾನ:
ರೊಟ್ಟಿ, ಶೇಂಗಾ ಹಿಂಡಿ ತಿಂದು, ಡಬ್ಬಿ ತೊಳೆದು ಬಂದರೂ
ಹೆಚ್ಚುಕಡಿಮೆ ಇಟ್ಟಂತೇ ಇದೆ.
ಈಥರಿನಲ್ಲಿ?
ಚಹಾ ಆರುವುದರೊಳಗೆ ಮುಕ್ಕಾಲು ಪಾಲು ಇಲ್ಲ.

ಬಿಸಿ ಎಲ್ಲಕ್ಕೂ ಒಂದೇ. ತಪ್ಪು ಬಿಸಿಯದಲ್ಲ.
ಈಥರು ಕೇಳಿಸಿಕೊಂಡು ಸುಮ್ಮನಿರುವ ಜಾತಿಯದಲ್ಲ, ಅಷ್ಟೇ.
ಮುರಿದ ಚೂರೊಂದು ಅದರ ಹೈಡ್ರೋಜನ್ ಕಿತ್ತುಕೊಂಡರೆ
ಅದು ಕೆರಳಿ, ಪಕ್ಕದಲ್ಲಿ ಇನ್ನೂ ಗಟ್ಟಿಯಿದ್ದವರ ಮೇಲೆ ಏರಿ ಹೋಗುತ್ತದೆ.

ಇದನ್ನೆಲ್ಲ ಒಂದು ರಾಳದ ಕಂಪನಿಗಾಗಿ ಅಳೆಯುತ್ತಿದ್ದೇವೆ.
ಒಂದೇ ಮಾಲು, ಒಂದು ಕಡೆ ಬೇಗ ಗಟ್ಟಿಯಾಗುತ್ತದೆ, ಇನ್ನೊಂದು ಕಡೆ ಇಲ್ಲ,
ಯಾಕಂತ ಅವರಿಗೆ ಬರೆದು ಬೇಕು.

ನನಗೆ ನೀಲವ್ವ ಚಿಕ್ಕಮ್ಮನ ನೆನಪು.
ಖಡೇಬಜಾರಿನ ಮೂರಂಕಣದ ಮನೆ, ಆ ಸೋಮವಾರ ಸಂಜೆ
ಅವಳೂ ಬಾಳಪ್ಪ ಕಾಕಾನೂ ಮುರಿದೇ ಬಿಟ್ಟಿದ್ದರು.
ಟ್ರಂಕು ಹೊಸ್ತಿಲ ತನಕ ಬಂದಿತ್ತು.
ಅಷ್ಟರಲ್ಲಿ ಮಗ್ಗುಲ ಮನೆಯ ಪಾಟೀಲರು, ಮೇಲಿನ ಮನೆಯ ಕುಸುಮಾತಾಯಿ,
ಹಾಲಿನವ, ಹಾಲಿನವನ ಹೆಂಡತಿ,
ಕನ್ನಡದಲ್ಲಿ ಅರ್ಧ ಬುದ್ಧಿಮಾತು, ಮರಾಠಿಯಲ್ಲಿ ಇನ್ನರ್ಧ.
ಹೊರಗೆ ಹೋಗಲು ಸಂದಿಲ್ಲ.
ತಿರುಗಿದರೆ ಮೊಣಕೈಗೆ ಮತ್ತೆ ಅವನೇ.

ಸರ್ ಇದಕ್ಕೆ ಪಂಜರ ಅನ್ನುತ್ತಾರೆ.
ಮುರಿದ ಎರಡು ಚೂರಿನ ಸುತ್ತ ದ್ರಾವಕ ಮುತ್ತಿರುತ್ತದೆ;
ಓಡುವ ಮೊದಲೇ ಒಂದನ್ನೊಂದು ಢಿಕ್ಕಿ ಹೊಡೆದು
ಕೆಲವು ಕೂಡಿಬಿಡುತ್ತವೆ.
ದ್ರಾವಕ ಮಂದವಿದ್ದಷ್ಟೂ ಹೆಚ್ಚು.

"ಹಂಗಾದ್ರ ಒಳ್ಳೇದಾತಲ್ರೀ ಸರ್?"
"ಏನ್ ಒಳ್ಳೇದು? ಕೂಡೂದ್ರಾಗ
ಒಂದಿಷ್ಟು ಕಾರ್ಬನ್ ಡೈಆಕ್ಸೈಡ್ ಹಾರಿ ಹೋಗಿರತದ.
ಮತ್ತ ಕೂಡಿದ್ದು ಮೊದಲಿಂದಲ್ಲ.
ಅದು ಇನ್ನ ಮುರಿಯೂದಿಲ್ಲ.
ಏನನ್ನೂ ಶುರು ಮಾಡೂದೂ ಇಲ್ಲ."

ಅಂದರೆ ಆ ಸಂಜೆಯ ಗದ್ದಲದಲ್ಲಿ
ಆ ಮನೆಯಿಂದ ಒಂದು ಗುಳ್ಳೆ ಎದ್ದು ಹೋಗಿರಬೇಕು.
ಈಗಲೂ ಒಂದೇ ಚಾಪೆಯ ಮೇಲೆ ಕೂತು ಸೊಪ್ಪು ಸೋಸುತ್ತಾರೆ.
ಜಗಳವಿಲ್ಲ. ಇಪ್ಪತ್ತೆರಡು ವರ್ಷ.
ಚಿಕ್ಕಮ್ಮ ಮಾತಿನ ನಡುವೆ ತಟ್ಟನೆ ಎದ್ದು
ಯಾರದೋ ನಡಿಗೆಯ ಅಣಕ ಮಾಡಿ ನಗಿಸುತ್ತಿದ್ದಳಂತೆ.
ನಾನು ನೋಡಿಲ್ಲ. ನಾನು ಹುಟ್ಟಿದ್ದು ಆಮೇಲೆ.

ನಾಲ್ಕನೇ ನಳಿಗೆ ಒಡೆದು, ಅಯೋಡೈಡು ಹಾಕಿ, ಗಂಜಿ ಹಾಕಿ,
ಹನಿ ಹನಿಯಾಗಿ ಥಯೋಸಲ್ಫೇಟ್ ಬಿಡುತ್ತೇನೆ.
ಕಡುನೀಲಿ, ನೀಲಿ,
ಇನ್ನೊಂದು ಹನಿ, ನೀಲಿಯೆಂಬ ಗುಮಾನಿ,
ಆಚೆ ಸುತ್ತಿಗೆ ಬಿತ್ತು.
ಒಂದು ಹನಿ ಹೆಚ್ಚಾಯಿತು.
ಮತ್ತೆ ಮೊದಲಿಂದ ಮಾಡಬೇಕು.