ಎರಡು ಬೆರಳು ಎತ್ತರ

ಐದು ವರ್ಷ ಅಂದರೆ ಇಷ್ಟೇನಾ
ಅನ್ನಿಸಿತು ಲೈಸೆನ್ಸಿನ ಕೊನೇ ತಾರೀಖು ನೋಡಿ.
ಲಿಂಗಸುಗೂರಿನಿಂದ ರಾಯಚೂರಿಗೆ ಮೊದಲ ಬಸ್ಸು.
ತೊಡೆಯ ಮೇಲೆ ದಾರ ಕಟ್ಟಿದ ಫೈಲು,
ಫೈಲಿನೊಳಗೆ ನಾನು:
ಅಂಬಣ್ಣ, ತಂದೆ ಯಂಕೋಬ, ಮೂರನೇ ದರ್ಜೆ,
ಬ್ಯಾಂಕಿನವರು ಕೊಟ್ಟ ಸಾಲ್ವೆನ್ಸಿ,
ಆಡಿಟರು ತಿದ್ದಿ ತೀಡಿದ ಟರ್ನೋವರು,
ಒಂದು ಮಿಕ್ಸರು, ಎರಡು ವೈಬ್ರೇಟರು;
ಅದರಲ್ಲೊಂದು ಕೆಟ್ಟಿದೆ, ಕಾಗದದಲ್ಲಿ ಕೆಟ್ಟಿಲ್ಲ.

ಕವಿತಾಳ ದಾಟಿ ಒಂದೂವರೆ ಮೈಲಿಗೆ
ಜಾಲಿ ಬೆಳೆದ ಒಂದು ಹಳ್ಳ.
ಅಲ್ಲಿ ನಾನು ಕಟ್ಟಿದ ಮೋರಿ.
ಬಸ್ಸು ಅದರ ಮೇಲೆ ಬಂದಾಗ
ಸೀಟಿನಿಂದ ಎರಡು ಬೆರಳು ಎತ್ತರ ಏಳುತ್ತೇನೆ,
ಮುಂದಿನ ಕಂಬಿ ಹಿಡಿದು, ಉಸಿರು ಕಟ್ಟಿ.
ನನ್ನ ಭಾರವಾದರೂ ಬೀಳದಿರಲಿ ಎಂದು.
ಎದ್ದರೆ ಭಾರ ಕಮ್ಮಿಯಾಗುವುದಿಲ್ಲ,
ಪಾದಕ್ಕೆ ಇಳಿಯುತ್ತದೆ ಅಷ್ಟೆ;
ಎಸ್ಸೆಸ್ಸೆಲ್ಸಿ ಎರಡು ಸಲ ಕೂತ ನನಗೂ ಗೊತ್ತು.

ಹದಿನಾರರ ಸರಳು ಬೇಕಿದ್ದಲ್ಲಿ ಹನ್ನೆರಡರದು ಹಾಕಿದ್ದೆ.
ಬಿಲ್ಲು ಕೈಗೆ ಬರುವ ಮೊದಲೇ ಹಂಚಿಹೋಗಿತ್ತು.
ಯಾರ್ಯಾರಿಗೆ ಎಂದು ಕೇಳಬೇಡಿ,
ಆ ಪಟ್ಟಿಯಲ್ಲಿ ನನ್ನದೂ ಒಂದು ಹೆಸರು.
ಆ ವರ್ಷವೇ ಪಡಸಾಲೆಗೆ ಟೈಲ್ಸ್ ಹಾಕಿಸಿದೆ.

ಮೇಸ್ತ್ರಿ ಹುಲಿಗೆಪ್ಪ ಸರಳು ಕಟ್ಟುತ್ತ
'ಅಣ್ಣಾ, ಸಣ್ಣವು ಅದಾವಲ್ಲ' ಅಂದ, ಒಂದೇ ಸಲ.
ಎಲ್ಲಿ ಕೆಲಸ ಮುಗಿದರೂ ಹಸಿ ಗಿಲಾವಿನ ಮೇಲೆ
ಮೊಳೆಯಿಂದ ತಾರೀಖು ಗೀಚುವ ಚಟ ಅವನಿಗೆ.
ಶಾಲೆಯ ಅಡುಗೆ ಕೋಣೆ, ನೀರಿನ ಟ್ಯಾಂಕಿನ ಬುಡ,
ದನದ ದವಾಖಾನೆಯ ಮೆಟ್ಟಿಲು,
ಎಲ್ಲ ಕಡೆ ಅವನ ಓರೆ ಅಂಕಿಗಳು.
ಅವತ್ತು ಮೊಳೆ ಕೊಟ್ಟರೂ ಮುಟ್ಟಲಿಲ್ಲ.
ಕರಣಿ ತೊಳೆದು ಚೀಲಕ್ಕೆ ಹಾಕಿಕೊಂಡು ಹೋದ.
ಪಗಾರಕ್ಕೂ ತಮ್ಮನನ್ನೇ ಕಳಿಸಿದ.

ಆಫೀಸಿನಲ್ಲಿ ಮೆಹಬೂಬಿ ಮೇಡಂ
ಕನ್ನಡಕ ಒರೆಸಿ ಹಾಳೆ ತಿರುವಿದರು.
'ಚಲನ್ ಅದ. ಜಿಎಸ್‌ಟಿ ಅದ. ನೋಟರಿ ಸಿಕ್ಕಾ ಎಲ್ಲಿ?'

ಕೋರ್ಟಿನ ಮುಂದೆ, ಬೇವಿನ ಕೆಳಗೆ,
ಟೈಪಿಂಗ್ ಹುಡುಗ ಗಡಗಡ ಓದಿದ:
ಮೇಲೆ ಹೇಳಿದ್ದೆಲ್ಲ ನನ್ನ ತಿಳುವಳಿಕೆಯ ಮಟ್ಟಿಗೆ ಸತ್ಯ,
ಏನನ್ನೂ ಮರೆಮಾಚಿಲ್ಲ.
ನಾನು ಮೇಲೆ ನೋಡಿದೆ. ಮೇಲೆ ಬೇವು.
ನೂರು ಕೊಟ್ಟೆ. ಚಿಲ್ಲರೆ ಇಲ್ಲ ಅಂದ.

'ಕಾಮಗಾರಿ ಮುಗಿದ ದಿನಾಂಕ?'
ಆ ಒಂದು ಕಾಲಂ ಖಾಲಿ ಬಿಟ್ಟಿದ್ದೆ, ಮೋರಿಯದು.
'ಸರ್ಟಿಫಿಕೇಟಿನ್ಯಾಗ ಅದಲ್ಲ, ನೋಡಿ ಬರೀರಿ'
ಎಂದು ಮೇಡಂ ತಮ್ಮ ಪೆನ್ನನ್ನೇ ಕೊಟ್ಟರು.
ಮೊಳೆಯಷ್ಟು ತಣ್ಣಗಿತ್ತು.
ಬರೆದೆ. ಅಂಕಿ ಓರೆಯಾಗಿ ಬಂತು.

ಸಾಹೇಬರ ಸಹಿಗೆಂದು ಇನ್ನೂ ಮೂರು ಸಲ ತಿರುಗಾಡಿದೆ,
ಅಂದರೆ ಮೋರಿಯನ್ನು ಆರು ಸಲ ದಾಟಿದೆ.
ಕೊನೆಗೆ ಕೈಗೆ ಬಂತು: ದುಂಡು ಮೊಹರು, ಹಸಿರು ಶಾಯಿ,
ಮತ್ತೈದು ವರ್ಷ ನಾನು ಕಟ್ಟಬಹುದು.
ಸ್ಟೇಷನ್ ರಸ್ತೆಯಲ್ಲಿ ಲ್ಯಾಮಿನೇಷನ್ ಮಾಡಿಸಿದೆ.
'ಇನ್ನ ನೀರಾಗ ಬಿದ್ರೂ ಏನೂ ಆಗಂಗಿಲ್ರಿ' ಅಂದ ಅಂಗಡಿಯವನು.

ವಾಪಸ್ ಬಸ್ಸು. ಪಕ್ಕದಲ್ಲಿ ಒಬ್ಬ ಮುದುಕಿ,
ಕಾಲ ಬಳಿ ಮೆಣಸಿನಕಾಯಿ ಮೂಟೆ.
ಹಳ್ಳ ಬಂತು. ನಾನು ಎದ್ದೆ, ಎರಡು ಬೆರಳು.
'ಯಾಕಪ್ಪ, ಮೂಲವ್ಯಾಧಿ ಏನು?'
'ಹೂಂನಬೇ' ಅಂದೆ, 'ಐದು ವರ್ಷ ಆತು.'
ಖಾರ ಬಿಡು ಅಂದಳು, ಮೂಟೆಯ ಮೇಲೆ ಕೈಯಿಟ್ಟು,
ಮಜ್ಜಿಗಿ ಕುಡಿ ಅಂದಳು.
ಆಮೇಲೆ ದನಿ ತಗ್ಗಿಸಿ,
'ಯಾರಿಗಾರ ತೋರ್ಸಬೇಕು ನೋಡು.
ನಾಚಿಗಿ ಅಂತ ಸುಮ್ನ ಕುಂತ್ರ ಬೆಳೀತದ ಅದು.'

ಕವಿತಾಳದಲ್ಲಿ ಬಸ್ಸು ನಿಂತಿತು.
ನಾನಿನ್ನೂ ಕೂತಿರಲಿಲ್ಲ.