ನಲವತ್ತು ಕುದುರೆಯ ಕೆಮ್ಮು

ಮೂರನೆಯ ಸಲ ಫೋನು ಬಂದಾಗಲೂ
ಇಪ್ಪತ್ತು ಲಕ್ಷ ನೈರಾದಿಂದ ಒಂದು ಕಾಸೂ ಇಳಿಯಲಿಲ್ಲ ಅವರು.
ಅಕ್ಕ ತರೆಲಾ ಸ್ಪೀಕರಿನ ಮುಂದೆ ಮಂಡಿಯೂರಿ
ಮಗನ ವಯಸ್ಸು ಹೇಳುತ್ತಿದ್ದಳು, ಹದಿನೇಳು, ಹದಿನೇಳು,
ವಯಸ್ಸು ಹೇಳಿದರೆ ಬೆಲೆ ಇಳಿಯುವ ಹಾಗೆ.
ನನಗೆ ಅವಳ ಮಾತು ಕೇಳಲಿಲ್ಲ, ಅವನದೂ ಕೇಳಲಿಲ್ಲ.
ಅವನ ಬೆನ್ನ ಹಿಂದೆ ಯಾರೋ
ದೋಣಿಯ ಎಂಜಿನ್ನು ಎಬ್ಬಿಸುತ್ತಿದ್ದರು:
ಎರಡು ಕೆಮ್ಮು, ಒಂದು ತಡೆ, ಮತ್ತೊಂದು ಕೆಮ್ಮು,
ಆಮೇಲೆ ಓಟ.

ಆ ಕೆಮ್ಮು ನನ್ನದು.
ಮಾರ್ಚ್ ತಿಂಗಳಲ್ಲಿ, ನೆಂಬೆಯ ಜೆಟ್ಟಿಯ ತಗಡಿನ ಶೆಡ್ಡಿನಲ್ಲಿ
ಮೂರನೆಯ ಸಿಲಿಂಡರಿಗೆ
ಅಳತೆ ತಪ್ಪಿದ ಪಿಸ್ಟನ್ನು ಕೂರಿಸಿದವಳು ನಾನೇ.
ಹೊಸ ನೋಟು ಎಣಿಸಿ ಕೊಟ್ಟರು.
ದೋಣಿ ಯಾರದೆಂದು ಕೇಳಲಿಲ್ಲ.
ಕೇಳದಿರುವುದಕ್ಕೂ ಸೇರಿಸಿಯೇ ಕೊಟ್ಟಿದ್ದರು.
ಉಪ್ಪು ತಿಂದವಳು ನೀರು ಕುಡಿಯಲೇಬೇಕು;
ನಮ್ಮ ಕಡೆ ಆ ನೀರೂ ಉಪ್ಪು.

"ಎರಡು ಸಲ ಕೆಮ್ಮಿ ಓಡುವ ಎಂಜಿನ್ನು ಎಲ್ಲಿದೆ?"
ಬಸವನಹುಳು ಒಡೆಯುತ್ತಿದ್ದ ಮುದುಕಿ ಬಾಯಿ ಬಿಡಲಿಲ್ಲ.
ಚಾಪೆಯ ಮೇಲೆ ಮೂರು ಚಿಪ್ಪಿಟ್ಟಳು,
ಮೂರನೆಯದನ್ನು ಎಡಕ್ಕೆ ಸರಿಸಿದಳು,
ಸೆರಗು ಕೊಡವಿ ಎದ್ದು ಹೋದಳು.

ಇಲ್ಲಿ ರಾತ್ರಿ ಪೂರ್ತಿ ರಾತ್ರಿಯಾಗುವುದಿಲ್ಲ.
ಎಣ್ಣೆ ಬಾವಿಯ ಬೆಂಕಿ ಮೋಡದ ಹೊಟ್ಟೆಯನ್ನು
ವರ್ಷವಿಡೀ ಸುಡುತ್ತಿರುತ್ತದೆ.
ಕತ್ತಲನ್ನು ನಂಬದೆ ಇಳಿತವನ್ನು ನಂಬಿದೆ.
ನೀರು ಇಳಿದರೆ ಕಾಂಡ್ಲಾ ಬೇರುಗಳ ಅಡಿಯಲ್ಲಿ
ಚಿಪ್ಪು ಆಯುವ ಹೆಂಗಸರ ದಾರಿಯೊಂದು ತೆರೆಯುತ್ತದೆ,
ಗಂಡಸರ ನಕ್ಷೆಯಲ್ಲಿ ಇಲ್ಲದ್ದು.
ಹುಟ್ಟು ಹಾಕುವಾಗ ಹನಿಯೂ ತಟಕದಂತೆ
ಅಲಗಿಗೆ ಹಳೆಯ ಲಂಗ ಸುತ್ತಿದ್ದೆ.

ಕಂಬಗಳ ಮೇಲೊಂದು ಗುಡಿಸಲು. ಜನರೇಟರು.
ಟಿ.ವಿ.ಯಲ್ಲಿ ಫುಟ್‌ಬಾಲು, ತಾಳೆ ಸಾರಾಯಿಯ ನಾತ.
ಕೆಳಗೆ ಮೂರು ದೋಣಿ, ಮೂರು ಎಂಜಿನ್ನು,
ಒಂಬತ್ತು ಪ್ಲಗ್ಗು.
ಸೊಂಟದ ಮಟ್ಟ ಕೆಸರಲ್ಲಿ ನಿಂತು ಬಿಚ್ಚಿದೆ.
ಒಳಗೆ ಗೋಲಾದಾಗ ಒಂದು, ಬೈಗುಳಾದಾಗ ಒಂದು.
ಎಂಟು.
ಒಂಬತ್ತನೆಯದು ನಾನೇ ಅಂದು ಸಿಟ್ಟಿನಲ್ಲಿ ಬಿಗಿದದ್ದು.
ಸ್ಪ್ಯಾನರು ಜಾರಿ ಠಣ್ಣೆಂದಿತು.

ಟಾರ್ಚು.
ಟಾರ್ಚಿನ ಹಿಂದೆ ಕೆಮೆಪಾಡೆ,
ಎರಡು ವರ್ಷ ನನ್ನ ಶೆಡ್ಡಿನಲ್ಲಿ ಗ್ರೀಸು ಬಳಿದು
ಒಂದು ಬೆಳಿಗ್ಗೆ ಬಾರದೇ ಹೋದವನು.
ಹೆಗಲಲ್ಲಿ ಬಂದೂಕು, ಮೀಸೆ ಇನ್ನೂ ಬಂದಿಲ್ಲ.
"ಏನದು?" ಮೇಲಿಂದ.
"ನೀರುನಾಯಿ" ಎಂದ.
ಟಾರ್ಚು ಆರಿಸಿ, ನನ್ನ ಕೈಯಿಂದ ಸ್ಪ್ಯಾನರು ತೆಗೆದುಕೊಂಡು
ನಾನು ಕಲಿಸಿದ ಹಾಗೆಯೇ, ಅಂಗೈ ಒತ್ತಿ, ಎಡಕ್ಕೆ, ನಿಧಾನ,
ಬಿಚ್ಚಿ ಕೊಟ್ಟ.

ಎಬಿಟಿಮಿಯನ್ನು ಹಿಂದಿನ ಕಂಬಕ್ಕೆ ಕಟ್ಟಿದ್ದರು.
ಹಗ್ಗ ಕೊಯ್ದಾಗ
"ಚಿಕ್ಕಮ್ಮಾ, ಪರೀಕ್ಷೆ ಮುಗಿಯಿತಾ?" ಎಂದ.
ಬಾಯಿ ಮುಚ್ಚಿ ಎಳೆದೆ.

ಬೇರುಗಳ ದಾರಿ ಅರ್ಧ ದಾಟಿದಾಗ ಗದ್ದಲವೆದ್ದಿತು.
ಹಗ್ಗ ಎಳೆದರು, ಎಂಜಿನ್ನು ಉಸಿರೆತ್ತಲಿಲ್ಲ.
ಮತ್ತೆ ಎಳೆದರು. ಗುಂಡುಗಳು ಕೆಸರಲ್ಲಿ ಹೂತವು,
ಒಂದು ನನ್ನ ಹುಟ್ಟಿನ ಅಲಗು ಸೀಳಿತು.
ಆಮೇಲೆ ಕೈಯಿಂದಲೇ ನೀರು ತಳ್ಳಿದೆವು ಇಬ್ಬರೂ.
ಅವರಲ್ಲಿ ಎಲ್ಲರಿಗಿಂತ ಜೋರಾಗಿ ಬೈಯುತ್ತ
ಎಲ್ಲರಿಗಿಂತ ಹೆಚ್ಚು ಹೊತ್ತು ಹಗ್ಗ ಎಳೆದವನ ದನಿ
ನನಗೆ ಗೊತ್ತಿತ್ತು.

ಅಕ್ಕ ನನ್ನ ಕರಿ ಕೈಗಳಿಗೆ ಮುತ್ತಿಟ್ಟಳು. ಊರು ಕುಣಿಯಿತು.
ಎಂಟು ಪ್ಲಗ್ಗು ಮಾರಿದೆ, ಹುಡುಗನಿಗೆ ಬೂಟು ಬಂತು.

ನಿನ್ನೆ ಕೆಮೆಪಾಡೆಯ ತಾಯಿ ಶೆಡ್ಡಿಗೆ ಬಂದಿದ್ದಳು.
ಮಗನ ಸುದ್ದಿಯೇನಾದರೂ ಇದೆಯೇ ಎಂದಳು.
ಸ್ಟೂಲು ಒರೆಸಿ ಕೊಟ್ಟೆ.
ಒಂಬತ್ತನೆಯದು ಡಬ್ಬಿಯಲ್ಲಿತ್ತು.
ಡಬ್ಬಿಯ ಮುಚ್ಚಳ ಬಿಗಿಯಾಗಿದೆಯೇ ಎಂದು
ನೋಡುತ್ತಲೇ ಇದ್ದೆ, ಅವಳು ಏಳುವವರೆಗೆ.